ನನಗೆ ಹೇಳದೆ ಉಳಿದ ನನ್ನ ತೋಳಿನ ಸುದ್ದಿ

ಕಳೆದ ತಿಂಗಳು ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಣ್ಣುಮಗಳೊಬ್ಬಳು ತಲೆಯಿಂದ ಜಾರಿದ ಸೆರಗನ್ನು ಎಡಗೈಯಿಂದ ಎಳೆದುಕೊಂಡಳು. ಆಕೆಯ ಬಲಗೈ ಮಡಿಲಲ್ಲಿತ್ತು. ಊರಿಗೆ ಹೋಗುವವರು ಯಾರೋ ನೋಡಿಕೊಂಡಿರೆಂದು ಒಪ್ಪಿಸಿ ಹೋದ ಗಂಟಿನ ಹಾಗೆ ಇತ್ತು. ಅಂಥ ಕೈಯನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಭುಜವೇ ಎಂದು ಕೇಳಿದೆ. ಹೌದೆಂದಳು. ಸುಗ್ಗಿಯಲ್ಲಿ ಬಂಡಿಯ ಮೇಲಿಂದ ಬಿದ್ದಳಂತೆ, ಆಸ್ಪತ್ರೆಯಲ್ಲಿ ಕೊಯ್ದು ಎಲುಬು ಕೂಡಿಸಿದರಂತೆ, ಆಮೇಲೆ ಕೈ ಮೇಲೇಳಲೇ ಇಲ್ಲವಂತೆ. ಡಾಕ್ಟರು ಏನು ಹೇಳಿದ್ದಾರೆ ಎಂದೆ.

"ಡಾಕ್ಟರು ನಮ್ಮಣ್ಣಗ ಹೇಳ್ಯಾರ್ರಿ," ಎಂದಳು. "ಅಣ್ಣ ನನಗೇನೂ ಹೇಳಿಲ್ಲ. ಹೇಳೂವಂಥಾದ್ದಿದ್ರ ಹೇಳ್ತಿದ್ದ."

ಅಷ್ಟರಲ್ಲಿ ತಾಳಿಕೋಟೆಯ ಬಸ್ಸು ಬಂತು. ಆಕೆ ಎದ್ದು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿ ಹೋದಳು. ಬಸ್ಸು ಎಬ್ಬಿಸಿದ ಧೂಳು ಕೂರುವವರೆಗೂ ನಾನು ಅಲ್ಲಿಯೇ ನಿಂತಿದ್ದೆ. ಆಕೆಗೆ ಅಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆಗೆ ಓದು ಬರುತ್ತದೆಯೋ ಇಲ್ಲವೋ ತಿಳಿಯದು. ಆಕೆಯ ಅಣ್ಣನಿಗೆ ಬರುತ್ತಿರಬಹುದು. ಹಾಗಿದ್ದರೆ ಇದು ಅವನಿಗೂ ಸೇರಿದ್ದು.

ನನ್ನ ತವರು ಬಸವನ ಬಾಗೇವಾಡಿ. ಕೊಟ್ಟ ಮನೆ ಸಿಂದಗಿ. ಅಪ್ಪ ಹೆಡ್‌ಮಾಸ್ತರರಾಗಿದ್ದವರು; ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಅಕ್ಷರ ಕಲಿಯದ ಮನೆಗಳು ಕಡಿಮೆ. ಮಗಳನ್ನು ಧಾರವಾಡಕ್ಕೆ ಕಳಿಸಿ ಎಂ.ಎ. ಓದಿಸಿದಾಗ ಬಂಧುಗಳು ಆಡಿದ ಮಾತುಗಳನ್ನೆಲ್ಲ ಟೋಪಿಯ ಧೂಳು ಕೊಡವಿದಂತೆ ಕೊಡವಿಕೊಂಡವರು. ನಾನು ಓದಿದ್ದು ರಾಜ್ಯಶಾಸ್ತ್ರ. ಆಳುವವರು ಆಳಿಸಿಕೊಳ್ಳುವವರಿಗೆ ಉತ್ತರ ಕೊಡಬೇಕು ಎಂಬುದು ಅಲ್ಲಿ ನಾವು ಕಲಿತ ಮೊದಲ ಪಾಠ, ಕೊನೆಯ ಪಾಠವೂ ಅದೇ. ಮದುವೆಯಾಗಿ ಸಿಂದಗಿಗೆ ಬಂದ ಮೇಲೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸತೊಡಗಿದೆ. ಗಂಡನಿಗೆ ಇಂಡಿ ಪಟ್ಟಣದಲ್ಲಿ ನೌಕರಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು.

ಆ ವರ್ಷ ನಾಗರಪಂಚಮಿಗೆ ಅಪ್ಪ ನನ್ನನ್ನು ಕರೆಯಲು ಸಿಂದಗಿಗೆ ಬಂದರು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, ಬೀಗರಿಗೆ ಎಲ್ಲರೂ ನಗುತ್ತಾ ಹೇಳುವ ಮಾತನ್ನೇ ಹೇಳಿದರು: "ಮಾಸ್ತರ, ಒಯ್ದಂಗ ತಂದು ಮುಟ್ಟಸ್ರಿ ಮತ್ತ." ಅಪ್ಪನೂ ನಕ್ಕರು. ತವರಿಗೆ ಬಂದ ಮಗಳು ಬಂದ ಹಾಗೆಯೇ, ಉಂಡಿ ಕಟ್ಟಿಸಿಕೊಂಡು, ಹೊಸ ಕುಪ್ಪಸ ತೊಟ್ಟು, ಒಂದು ಗೀರೂ ಬೀಳದೆ ಹಿಂದಿರುಗಬೇಕು. ಅದು ತವರಿನ ಮರ್ಯಾದೆ. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿಲ್ಲ.

ಪಂಚಮಿಯ ಮರುದಿನ ನೆರೆಮನೆಯ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯನ್ನು ಗೆಳತಿಯೊಬ್ಬಳೊಡನೆ ಏರಿದೆ. ಇಬ್ಬರೂ ಎದುರುಬದುರು ನಿಂತು ಜೀಕುತ್ತಿದ್ದೆವು. ಹಿಂದಿನ ರಾತ್ರಿಯ ಮಳೆಗೆ ಮಣೆ ತೊಯ್ದಿತ್ತು. ಕಾಲು ಜಾರಿತು. ಹಗ್ಗ ಗಟ್ಟಿಯಾಗಿಯೇ ಇತ್ತು, ಗೆಳತಿ ಕೂಗಿ ಎಚ್ಚರಿಸಿಯೂ ಇದ್ದಳು. ಯಾರ ಮೇಲೂ ತಪ್ಪು ಹೊರಿಸಲಾರೆ. ಚಾಚಿದ ಬಲಗೈಯ ಮೇಲೆ ಬಿದ್ದೆ. ಎದ್ದು ಕೂತಾಗ ನನ್ನ ಭುಜ ಇರಬೇಕಾದ ಜಾಗದಲ್ಲಿ ಒಂದು ಕುಳಿ ಇತ್ತು, ಭುಜ ಅದರ ಕೆಳಗೆ ಬೇರೆಲ್ಲೋ ಇತ್ತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಆಶ್ಚರ್ಯ.

ಊರಿನ ಡಾಕ್ಟರು ಕೈಯನ್ನು ಎದೆಗೆ ಕಟ್ಟಿ, ಎಲುಬೂ ಒಡೆದಿರುವಂತಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಜೀಪಿನಲ್ಲಿ ಬಿಜಾಪುರ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರ. ರೈಲಿನ ಡಬ್ಬಿಯಲ್ಲಿ ಅಪ್ಪ ನನ್ನ ಎಡಗಡೆ ಕೂತು, ಗಾಡಿ ಕುಲುಕಿದಾಗಲೆಲ್ಲ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿ ಹಿಡಿಯುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅಂದೇ.

ಆ ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದಿದವರು ಅದೊಂದು ಆಸ್ಪತ್ರೆ ಹಾಗೆ ಎಂದುಕೊಂಡು ತಮ್ಮೂರಿನ ಆಸ್ಪತ್ರೆಯಲ್ಲಿ ನಿಶ್ಚಿಂತೆಯಿಂದ ಮಲಗಿಯಾರು. ನಾನು ದೂರುತ್ತಿರುವುದು ಒಂದು ಕಟ್ಟಡವನ್ನಲ್ಲ, ಒಂದು ಅಭ್ಯಾಸವನ್ನು. ಅಲ್ಲಿ ಮೊದಲ ದಿನವೇ ಆ ಅಭ್ಯಾಸ ಕಂಡಿತು. ಎಲ್ಲಿ ಬಿದ್ದಿರಿ, ಹೇಗೆ ಬಿದ್ದಿರಿ, ಮೊದಲು ಏನಾದರೂ ಕಾಯಿಲೆ ಇತ್ತೇ ಎಂದು ಡಾಕ್ಟರು ಕೇಳಿದ್ದೆಲ್ಲ ಅಪ್ಪನನ್ನು. ಮಂಚದ ಮೇಲೆ ಮಲಗಿದ್ದ ನಾನು ಉತ್ತರ ಕೊಟ್ಟರೆ, ಆ ಉತ್ತರವನ್ನು ಅಪ್ಪ ಇನ್ನೊಮ್ಮೆ ಹೇಳುವವರೆಗೂ ಕಾಯುತ್ತಿದ್ದರು. ಕೊಯ್ಯಲು ಒಪ್ಪಿಗೆ ಕೊಟ್ಟವರೂ ಅಪ್ಪನೇ. ನನ್ನನ್ನು ಯಾರೂ ಕೇಳಲಿಲ್ಲ. ಇಪ್ಪತ್ತಾರು ವರ್ಷದ ನನಗೆ ಈ ದೇಶ ಮತದಾನದ ಹಕ್ಕು ಕೊಟ್ಟಿತ್ತು. ನನ್ನ ಭುಜದ ವಿಷಯದಲ್ಲಿ ನನಗೆ ಮತವಿರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದ ಮೇಲೆ ಅಕ್ಕಲಕೋಟೆ ಕಡೆಯ ಮುದುಕಿಯೊಬ್ಬಳಿದ್ದಳು. ತೊಡೆಯ ಎಲುಬು ಮುರಿದು, ಕಾಲಿಗೆ ತೂಕ ಕಟ್ಟಿ ತೂಗಹಾಕಿದ್ದರು. ಶಸ್ತ್ರಚಿಕಿತ್ಸೆಯಾದ ಮೇಲೆ ಎಚ್ಚರಾಗಿ ನಾನು ಅಳುತ್ತಿದ್ದಾಗ ಆಕೆ ತನ್ನ ಗಂಟಿನಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ಎಡಗೈಗಿಟ್ಟಳು. "ಅಳಬ್ಯಾಡ ತಂಗಿ. ನಂದು ಕಾಲು ಹೋಗೇತಿ, ನಿಂದು ಕೈ. ಇಬ್ರೂ ಕೂಡಿದ್ರ ಒಂದು ಬರೋಬ್ಬರಿ ಹೆಂಗಸಾಗ್ತೀವಿ," ಎಂದಳು. ನಕ್ಕಾಗ ಹೊಲಿಗೆ ಎಳೆದು ನನಗೆ ಮತ್ತೆ ಅಳು ಬಂತು. ಆಕೆಯ ರೊಟ್ಟಿಯ ಬುಟ್ಟಿಗೆ ಎಡಗೈ ಹಾಕಲು ನನಗೆ ಸಂಕೋಚವಾಗಿತ್ತು. ಆಕೆ ಅದನ್ನು ನೋಡಿ, ದೇವರು ಎಡಗೈಯನ್ನು ಕೊಟ್ಟದ್ದು ಕಟ್ಟಿ ಇಡಲಿಕ್ಕೇನು ಎಂದು ಗದರಿದಳು. ಆ ವಾರ್ಡಿನಲ್ಲಿ ನನ್ನನ್ನು ನೇರವಾಗಿ ಮಾತಾಡಿಸಿದವಳು ಅವಳೊಬ್ಬಳೇ.

ನೋಡಲು ಬಂದವರು ಬಿಸ್ಕೀಟಿನ ಪುಡಿಕೆಯ ಜೊತೆಗೆ ಒಂದೊಂದು ಮಾತನ್ನೂ ತಂದರು. ಎಂ.ಎ. ಮಾಡಿದಾಕೆ ಜೋಕಾಲಿ ಏರಬಾರದಿತ್ತು ಎಂದು ಒಬ್ಬರು, ಧಾರವಾಡದಲ್ಲಿ ಜೋಕಾಲಿ ಇರಲಿಲ್ಲವೇನೋ ಪಾಪ ಎಂದು ಇನ್ನೊಬ್ಬರು. ಅಪ್ಪ ಎಲ್ಲರಿಗೂ ಚಹಾ ತರಿಸಿದರು.

ತವರಿನಲ್ಲಿ ಕೆಲವು ವಾರ ಕೈ ಎದೆಗೆ ಕಟ್ಟಿದಂತೆಯೇ ಇತ್ತು. ಕಟ್ಟು ಬಿಚ್ಚಿದಾಗ ಅದು ಹಾಗೆಯೇ ಕೆಳಗೆ ಜೋತುಬಿತ್ತು. ದೀಪಾವಳಿಗೆ ಮುಂಚೆ ಅಪ್ಪ ಮತ್ತೆ ನನ್ನನ್ನು ತೋರಿಸಲು ಕರೆದೊಯ್ದರು. ಡಾಕ್ಟರು ಒಂದು ಸೂಜಿ ತೆಗೆದು ತೋಳಿನ ಹೊರಬದಿಯಲ್ಲಿ ಚುಚ್ಚುತ್ತ ಬಂದರು. ಗೊತ್ತಾಗುತ್ತದೆಯೇ ಎಂದರು. ಒಂದು ಅಂಗೈಯಗಲದ ಜಾಗದಲ್ಲಿ ನನಗೇನೂ ಗೊತ್ತಾಗಲಿಲ್ಲ. ಅಲ್ಲಿ ಸೂಜಿಯಿತ್ತು, ರಕ್ತದ ಒಂದು ಚುಕ್ಕಿಯಿತ್ತು, ನಾನಿರಲಿಲ್ಲ. ಡಾಕ್ಟರು ಸಹಾಯಕನಿಗೆ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿ, ನನಗೆ ಇಂಗ್ಲಿಷ್ ಬರುತ್ತದೆಂಬುದು ನೆನಪಾಗಿ ನಡುವೆಯೇ ನಿಲ್ಲಿಸಿದರು. ಆಮೇಲೆ, "ಮಾಸ್ತರ, ಜರಾ ಹೊರಗ ಬರ್ರಿ," ಎಂದರು.

ಕಿಟಕಿಯಿಂದ ವರಾಂಡದಲ್ಲಿ ಅಪ್ಪನ ಬೆನ್ನು ಕಾಣುತ್ತಿತ್ತು. ಡಾಕ್ಟರರ ಕೈ ತಮ್ಮದೇ ಭುಜವನ್ನು ತೋರಿಸಿ ಇಳಿಯಿತು. ಅಪ್ಪ ತಲೆಯಾಡಿಸಿದರು. ಒಳಗೆ ಬಂದಾಗ ಅವರ ಮುಖ ಶಾಂತವಾಗಿತ್ತು. ಪರೀಕ್ಷೆಯ ಫಲಿತಾಂಶ ಹೇಳುವ ಮುನ್ನ ಮಾಸ್ತರರ ಮುಖ ಇರುವ ಹಾಗೆ.

"ಎಲ್ಲಾ ಚಲೋ ಆಗೇತಂತ. ಕಾಲ ಬೇಕಂತ, ಅಷ್ಟ," ಎಂದರು. "ವರ್ಷ ತುಂಬಿದ ಮ್ಯಾಲ ಬಂದು ತೋರಸ್ರಿ ಅಂದಾರ."

ನಾನು ನಂಬಿದೆ. ಆ ಬಾಯಿಂದ ಸುಳ್ಳು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸಿಂದಗಿಗೆ ಮರಳಿದ ಮೇಲಿನ ದಿನಗಳ ಬಗ್ಗೆ ಬರೆಯುವುದು ಕಠಿಣ, ಏಕೆಂದರೆ ಏನೂ ಆಗದಿರುವುದೇ ಆ ದಿನಗಳ ಸುದ್ದಿ. ಕೈ ಸೊಂಟದ ಮೇಲಕ್ಕೆ ಬರುತ್ತಿರಲಿಲ್ಲ. ಭುಜದ ದುಂಡು ಕರಗಿ ಮೂಲೆ ಎದ್ದಿತು, ಕುಪ್ಪಸದ ತೋಳು ಅಲ್ಲಿ ಜಾರತೊಡಗಿತು. ಬಲ ಮಗ್ಗುಲಾಗಿ ಮಲಗಿದರೆ ಹೆಗಲಿನಿಂದ ಮೊಳಕೈಯವರೆಗೆ ಮಿಂಚು ಹೊಡೆದಂತಾಗಿ ಎಚ್ಚರವಾಗುತ್ತಿತ್ತು. ಒಂದೆಡೆ ಅಷ್ಟು ನೋವು, ಅದರ ಪಕ್ಕದಲ್ಲಿಯೇ ಏನೂ ತಿಳಿಯದ ಚರ್ಮ. ಶಾಲೆಯಲ್ಲಿ ಕರಿಹಲಗೆಯ ಕೆಳಗಿನ ಅಂಚಿನಲ್ಲಿ ಮಾತ್ರ ಬರೆಯಬಲ್ಲವಳಾದೆ. "ಅಕ್ಕೋರ, ಹಿಂದ ಕಾಣೂದಿಲ್ರಿ," ಎಂದು ಹುಡುಗಿಯರು ಕೂಗಿದಾಗ ಎಡಗೈಯಿಂದ ಮೇಲೆ ಬರೆದೆ. ಸಾಮ್ರಾಜ್ಯಗಳ ಹೆಸರು ಕುಡಿದವರ ಹಾಗೆ ಓಲಾಡುತ್ತ ನಿಂತವು. ಹುಡುಗಿಯರು ನಕ್ಕರು, ನಾನೂ ನಕ್ಕೆ.

ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ನಾನು ಕೇಳುವ ಮೊದಲೇ ಅತ್ತೆ ಒಂದು ಮುಂಜಾನೆ ಎಣ್ಣೆಯ ಬಟ್ಟಲು, ಬಾಚಣಿಕೆ ಹಿಡಿದು ನನ್ನ ಹಿಂದೆ ಬಂದು ಕೂತರು. ಅಂದಿನಿಂದ ದಿನವೂ ಅವರೇ ಹೆಣೆದರು. ತೋಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದು ಅವರ ಔದಾಸೀನ್ಯವಿರಬೇಕೆಂದುಕೊಂಡೆ.

ಪುಷ್ಯದ ಚಳಿಗೆ ನೋವು ಹೆಚ್ಚಿದಾಗ ಓಣಿಯ ಹೆಂಗಸರು ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊ ಎಂದರು. ಇಟ್ಟಿಗೆ ಕಾಸಿ, ಅರಿವೆಯಲ್ಲಿ ಸುತ್ತಿ, ತೋಳಿಗೆ ಆನಿಸಿಕೊಂಡು ಓದುತ್ತ ಕುಳಿತೆ. ಹಿತವಾಗಿತ್ತು. ಏನೋ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಹಾಲು ಉಕ್ಕಿದೆಯೆಂದುಕೊಂಡು ಎದ್ದು ಹೋಗಿ ನೋಡಿದೆ. ಹಾಲು ಉಕ್ಕಿರಲಿಲ್ಲ. ಮರುದಿನ ತಲೆ ಬಾಚುವಾಗ ಅತ್ತೆಯ ಕೈ ಒಮ್ಮೆಲೇ ನಿಂತಿತು. ಕುಪ್ಪಸದ ತೋಳನ್ನು ಮೆಲ್ಲಗೆ ಮೇಲೆ ಸರಿಸಿದರು. ಚರ್ಮ ಬೊಬ್ಬೆಯೆದ್ದು ಒಡೆದಿತ್ತು. ನನಗೆ ನೋವೇ ತಿಳಿದಿರಲಿಲ್ಲ. ಅವರು ಎದ್ದು ಹೋಗಿ ಲೋಳೆಸರ ಸೀಳಿ ತಂದು ಹಚ್ಚಿದರು. ಆಗಲೂ ಏನೂ ಅನ್ನಲಿಲ್ಲ.

ಆ ಗಾಯದ ಕಲೆ ಈಗಲೂ ಇದೆ. ನಿನ್ನ ತೋಳಿನ ಆ ಭಾಗಕ್ಕೆ ಸ್ಪರ್ಶವಿಲ್ಲ, ಬೆಂಕಿಯ ಹತ್ತಿರ ಒಯ್ಯಬೇಡ ಎಂಬ ಒಂದೇ ಒಂದು ಮಾತು ನನಗೆ ಸಿಕ್ಕಿದ್ದರೆ ಅದು ಇರುತ್ತಿರಲಿಲ್ಲ. ಆ ಮಾತು ಸೊಲ್ಲಾಪುರದ ವರಾಂಡದಲ್ಲಿ ಆಡಿ ಆಗಿತ್ತು, ನನ್ನವರೆಗೆ ಬಂದಿರಲಿಲ್ಲ.

ಅಪ್ಪ ತಿಂಗಳು ತಿಂಗಳು ಬರುತ್ತಿದ್ದರು. ಕೈಚೀಲದಲ್ಲಿ ಶೇಂಗಾ ಹೋಳಿಗೆ. ಪಡಸಾಲೆಯಲ್ಲಿ ಕೂತು ಮಳೆ, ಬೆಳೆ, ಶಾಲೆ ಎಲ್ಲ ಮಾತಾಡಿ, ಕೊನೆಗೆ ಅತ್ತೆ ಒಳಗೆ ಹೋದ ಸಮಯ ನೋಡಿ, "ಒಂದೀಟರೆ ಏಳ್ತೈತೇನವ್ವಾ?" ಎಂದು ಕೇಳುತ್ತಿದ್ದರು. ನಾನು ಎತ್ತಲು ಪ್ರಯತ್ನಿಸುತ್ತಿದ್ದೆ. ಅವರ ಕಣ್ಣು ನನ್ನ ಭುಜದ ಮೇಲೆಯೇ ನೆಟ್ಟಿರುತ್ತಿತ್ತು. ಅದನ್ನು ನಾನು ಪ್ರೀತಿಯೆಂದು ತಿಳಿದಿದ್ದೆ. ಅದು ಪ್ರೀತಿಯೇ ಆಗಿತ್ತು. ಇದನ್ನು ಬರೆಯಲು ಇಷ್ಟು ಕಷ್ಟವಾಗುತ್ತಿರುವುದೂ ಅದಕ್ಕೇ.

ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಬೇಸಿಗೆಯ ರಜೆ ಮುಗಿಯುವ ಮೊದಲು ಒಮ್ಮೆ ತೋರಿಸಿಕೊಂಡು ಬರೋಣವೆಂದು ಗಂಡನನ್ನು ಒತ್ತಾಯಿಸಿದೆ. ಅಪ್ಪನಿಗೆ ತಿಳಿಸಲಿಲ್ಲ, ಸುಮ್ಮನೆ ಆ ಬಿಸಿಲಲ್ಲಿ ಓಡಿಬಂದಾರು ಎಂಬ ಕಾಳಜಿಗೆ. ಇಂಡಿಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಗಾಡಿ ಹಿಡಿದು ಹೋದೆವು.

ಹೊರರೋಗಿಗಳ ಪಡಸಾಲೆಯಲ್ಲಿ ಫಿನಾಯಿಲಿನ ವಾಸನೆ, ಅಳುವ ಕೂಸುಗಳು, ಗೋಡೆಗೆ ತಲೆಯಾನಿಸಿದ ಹೆಂಗಸರು. ಒಬ್ಬೊಬ್ಬ ಹೆಂಗಸಿನ ಪಕ್ಕದಲ್ಲಿ ಒಬ್ಬೊಬ್ಬ ಗಂಡಸು. ಆಕೆಯ ರೋಗವನ್ನು ಆಕೆಗಾಗಿ ಹೇಳಲು ಅವನು ಸಿದ್ಧನಾಗಿ ಕೂತಿದ್ದ. ನನ್ನ ಸರದಿ ಬಂತು. ಡಾಕ್ಟರು ತೋಳು ನೋಡಿದರು, ಎತ್ತಿಸಿದರು, ಬಿಟ್ಟರು. ಸಿಟ್ಟಾದರು.

"ಇಷ್ಟು ತಡಾ ಯಾಕ ಮಾಡಿದ್ರಿ? ನಾ ಮಾಸ್ತರಿಗೆ ದಿವಾಳಿ ಮುಂದನ ಹೇಳಿದ್ನಲ್ಲ. ನರಕ್ಕ ಪೆಟ್ಟಾಗೇತಿ, ಸಂಕ್ರಮಣದತನಾ ನೋಡ್ರಿ, ಮಾಂಸಖಂಡ ಮಿಸುಕಲಿಲ್ಲಂದ್ರ ಕರಕೊಂಡ ಬರ್ರಿ, ಮುಂಬಯಿ ಡಾಕ್ಟರು ತಿಂಗಳಿಗೊಮ್ಮೆ ಇಲ್ಲಿ ಬರ್ತಾರ, ತೆರದು ನೋಡ್ತಾರ ಅಂತ. ಬ್ಯಾಸಗಿ ದಾಟಿದ್ರ ಉಪಯೋಗಿಲ್ಲ ಅಂತನೂ ಹೇಳಿದ್ದೆ."

ಈ ಮಾತನ್ನೂ ಅವರು ಹೇಳಿದ್ದು ನನ್ನ ಗಂಡನಿಗೆ. ನನ್ನ ಗಂಡ ನನ್ನತ್ತ ನೋಡಿದರು. ಅವರಿಗೂ ಏನೂ ತಿಳಿದಿರಲಿಲ್ಲವೆಂಬುದು ಅವರ ಮುಖದಲ್ಲಿತ್ತು.

ನರಕ್ಕೆ ಪೆಟ್ಟಾದದ್ದು ಬಿದ್ದಾಗಲೋ, ಕೊಯ್ದಾಗಲೋ ಎಂದು ನಾನು ಕೇಳಿದೆ. ಎರಡೂ ಇರಬಹುದು ಎಂದರು. ಯಾವುದು ಎಂದೆ.

"ಅದನ್ನ ತಿಳಕೊಂಡು ಏನ್ ಮಾಡಾವ್ರದೀರಿ, ಅಕ್ಕೋರ?"

"ನನ್ನ ತೋಳಿಗೆ ಏನಾಗೇತಿ ಅಂತ ತಿಳಕೊಳ್ತೇನಿ," ಎಂದೆ. "ನೀವು ನನಗ್ಯಾಕ ಹೇಳಲಿಲ್ಲ?"

ಅವರು ಮುಗುಳ್ನಕ್ಕರು. ನನ್ನ ಪ್ರಶ್ನೆಗೂ ಸಿಟ್ಟಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಹೆಣ್ಣುಮಕ್ಕಳಿಗೆ ಇಂಥದ್ದನ್ನು ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ, ಮನೆಯ ಹಿರಿಯರಿಗೆ ಹೇಳುವುದೇ ನಮ್ಮ ಪದ್ಧತಿ ಎಂದರು. ಮುಂದಿನವರನ್ನು ಕರೆದರು.

ಪದ್ಧತಿ! ಆ ಶಬ್ದವನ್ನು ನಾನು ಇಂದಿಗೂ ನುಂಗಲಾರದವಳಾಗಿದ್ದೇನೆ. ಹೆತ್ತು, ಹೂತು, ಹಸಿದು, ಎಲ್ಲರಿಗೂ ಉಣ್ಣಿಸಿ ಉಳಿದದ್ದನ್ನು ತಾನುಣ್ಣುವ ಹೆಂಗಸಿನ ಎದೆ ಗಟ್ಟಿಯೆಂದು ಹಾಡಿ ಹೊಗಳುತ್ತೀರಿ. ಅವಳದೇ ಶರೀರದ ಬಗೆಗಿನ ಒಂದು ವಾಕ್ಯವನ್ನು ಆ ಎದೆ ತಾಳಲಾರದೆಂದು ತೀರ್ಮಾನಿಸುವವರು ಯಾರು? ಡಾಕ್ಟರು ಹೇಳಲೇಬೇಕಾದ್ದನ್ನು ಹೇಳಿದರು, ಸರಿಯಾದ ಸಮಯಕ್ಕೆ ಹೇಳಿದರು, ಆದರೆ ಬೇರೆಯವರಿಗೆ ಹೇಳಿದರು. ಕಾನೂನಿನಲ್ಲಿ ಇದು ತಪ್ಪೋ ಅಲ್ಲವೋ ನಾನರಿಯೆ. ನನ್ನ ತೋಳಿನ ಲೆಕ್ಕದಲ್ಲಿ, ಹೇಳದೆ ಇರುವುದಕ್ಕೂ ಬೇರೆಯವರಿಗೆ ಹೇಳುವುದಕ್ಕೂ ಯಾವ ಅಂತರವೂ ಉಳಿಯಲಿಲ್ಲ. ವೈದ್ಯರೇ, ನಿಮ್ಮ ಮುಂದೆ ಮಲಗಿರುವವಳಿಗೆ ಕಿವಿಯಿದೆ. ಅವಳಿಗೆ ಹೇಳಿರಿ. ಅವಳು ಅತ್ತರೆ ಅಳಲಿ. ಅತ್ತ ಮೇಲೆ ಯಾವ ಗಾಡಿ ಹಿಡಿಯಬೇಕೆಂದು ಅವಳೇ ಕೇಳುತ್ತಾಳೆ.

ಸೊಲ್ಲಾಪುರದಿಂದ ನಾವು ಸಿಂದಗಿಗೆ ಹೋಗಲಿಲ್ಲ. ನೇರ ಬಾಗೇವಾಡಿಗೆ ಹೋದೆವು. ಅಪ್ಪ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಹೇಳದೆ ಕೇಳದೆ ಬಂದ ಮಗಳು ಅಳಿಯನನ್ನು ನೋಡಿ ಎದ್ದು ನಿಂತರು. ಎಲ್ಲಿಂದ ಬಂದಿರೆಂದು ಕೇಳಿದರು. ಸೊಲ್ಲಾಪುರದಿಂದ ಎಂದೆ. ಅವರು ಕನ್ನಡಕ ತೆಗೆದರು, ಮಡಿಸಿದರು, ಕೂತರು. ನಾನು ಬೇರೇನೂ ಹೇಳಬೇಕಾಗಲಿಲ್ಲ.

ಅವ್ವ ಒಳಗಿನಿಂದ ನೀರು ತಂದು, ನಮ್ಮ ಮುಖ ನೋಡಿ, ತಂಬಿಗೆಯನ್ನು ಹಿಡಿದುಕೊಂಡೇ ನಿಂತಳು. ದಾರಿಯುದ್ದಕ್ಕೂ ನಾನು ಬೆಂಕಿಯಂಥ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವರನ್ನು ನೋಡಿದಾಗ ಅವೆಲ್ಲ ಎಲ್ಲಿಗೆ ಹೋದವೋ. ಒಂದೇ ಮಾತು ಉಳಿಯಿತು.

"ಯಾಕ, ಅಪ್ಪಾ?"

"ಏಳ್ತೈತಿ ಅಂತ ಕಾದ್ನವ್ವಾ," ಎಂದರು. "ತಿಂಗಳಾ ಬಂದು ನೋಡ್ತಿದ್ನಿ. ಇವತ್ತ ಎದ್ದಿರ್ತೈತಿ, ಇವತ್ತ ಎದ್ದಿರ್ತೈತಿ ಅಂತ ಬಸ್ಸಿನಾಗ ಕೂಡ್ತಿದ್ನಿ."

"ಸಂಕ್ರಮಣಕ್ಕ ಒಯ್ಯಬೇಕಿತ್ತು. ನಿಮಗ ಗೊತ್ತಿತ್ತು."

"ಒಯ್ಯಬೇಕಂದ್ರ ನಿಮ್ಮತ್ತಿಗೆ ಹೇಳಬೇಕಾಗಿತ್ತು. ನರಾ ಸತ್ತೈತಿ, ಮತ್ತೊಮ್ಮೆ ಕೊಯ್ಯಬೇಕು, ಕೈ ಬರತೈತೋ ಇಲ್ಲೋ ಗೊತ್ತಿಲ್ಲ ಅಂತ." ಅವರ ಧ್ವನಿ ಅಲ್ಲಿ ಸಣ್ಣದಾಯಿತು. "ಒಯ್ದಂಗ ತಂದು ಮುಟ್ಟಸ್ರಿ ಅಂದಿದ್ರು. ನನ್ನ ಮನ್ಯಾಗ ಬಿದ್ದೀ. ಊನ ಆದ ಮಗಳನ್ನ ಯಾವ ಬಾಯ್ಲೆ ಮುಟ್ಟಸ್ಲಿ? ನಿನಗ ಹೇಳಿದ್ರ ನೀ ಸುಮ್ನ ಇರಾಕ್ಯಲ್ಲ. ಅದಕ್ಕ ನಿನಗೂ ಹೇಳಲಿಲ್ಲ."

"ನೀವ ನನ್ನ ಸುಮ್ನ ಇರಬ್ಯಾಡಂತ ಓದಿಸಿದ್ರಿ."

ಅವ್ವನ ಕಡೆಗೆ ತಿರುಗಿ ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ ಎಂದು ಅವ್ವ ತಂಬಿಗೆ ಕೆಳಗಿಟ್ಟಳು. ನಮ್ಮ ಮನೆಗಳಲ್ಲಿ ಸಂಸಾರ ನಡೆಯುವುದೇ ಈ ಎರಡು ವಾಕ್ಯಗಳ ಮೇಲೆ ಎಂದು ನನಗೆ ಅಂದು ಅನಿಸಿತು.

ಸಿಂದಗಿಗೆ ಬಂದು ಅತ್ತೆಗೆ ನಾನೇ ಹೇಳಿದೆ. ಮುಚ್ಚುಮರೆಯಿಲ್ಲದೆ, ಅಪ್ಪ ಹೇಳಿದ ಕಾರಣವನ್ನೂ ಸೇರಿಸಿ. ಅವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

"ದಿನಾ ನಿನ್ನ ತಲಿ ಬಾಚಾಕಿ ನಾನು. ಬಂದ ದಿನಾನ ಗೊತ್ತಾತು ನನಗ," ಎಂದರು. "ಕೇಳಿದ್ರ ನಿಮ್ಮಪ್ಪಗ ತಲಿ ತಗ್ಗಿಸಿದಂಗ ಆಗ್ತೈತಂತ ಸುಮ್ನಿದ್ನಿ. ಅವರಾಗೇ ಹೇಳ್ಲಿ ಅಂತ."

"ಒಯ್ದಂಗ ಮುಟ್ಟಸ್ರಿ ಅಂದಿದ್ರೆಲ್ರಿ, ಅತ್ತೀ."

"ಎಲ್ಲಾರೂ ಅಂತಾರ, ನಾನೂ ಅಂದ್ನಿ. ನಮ್ಮತ್ತಿ ನಮ್ಮಪ್ಪಗ ಅಂದಿದ್ಲು. ಅದೇನ್ ಮಾತ?" ಎಂದರು. ಮೊರವನ್ನು ಮತ್ತೆ ಕೈಗೆತ್ತಿಕೊಂಡು, ನನ್ನನ್ನು ನೋಡದೆ, "ಇಟ್ಟಿಗಿ ಸುಟ್ಟ ದಿನಾನರೆ ನಾ ಬಾಯಿ ತೆರೀಬೇಕಿತ್ತು," ಎಂದರು.

ಹಾಗಾದರೆ ನನ್ನ ತೋಳು ಹೋದದ್ದು ಹೀಗೆ. ಅಪ್ಪ ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ಮರೆಮಾಚಿದರು, ಅತ್ತೆ ಬೀಗರ ಮಾನ ಉಳಿಸಲು ಕಂಡೂ ಕಾಣದಂತಿದ್ದರು, ಅವ್ವ ಗಂಡನ ಮಾನಕ್ಕಾಗಿ ಕೇಳದೆ ಉಳಿದಳು. ಒಬ್ಬರೂ ಕೆಟ್ಟವರಿರಲಿಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಇಷ್ಟು ಜನ ಒಳ್ಳೆಯವರು ಒಬ್ಬರ ಮಾನವನ್ನು ಇನ್ನೊಬ್ಬರು ಕಾಯುತ್ತ ಕುಳಿತಿದ್ದಾಗ, ಅವರ ನಡುವೆ ಒಂದು ನರ ಮೆಲ್ಲಗೆ ಸಾಯುತ್ತಿತ್ತು. ಅದಕ್ಕೆ ಮಾನ ಮರ್ಯಾದೆ ತಿಳಿಯದು. ಅದಕ್ಕೆ ಗೊತ್ತಿದ್ದದ್ದು ಕಾಲವೊಂದೇ.

ಮುಂಬಯಿಯ ಡಾಕ್ಟರು ಮತ್ತೆ ಬರುವ ದಿನ ಗೊತ್ತುಮಾಡಿಕೊಂಡು ಸೊಲ್ಲಾಪುರಕ್ಕೆ ಹೊರಟಾಗ, ಜೊತೆಗೆ ಬರುತ್ತೇನೆಂದು ಅಪ್ಪ ಹೇಳಿ ಕಳಿಸಿದರು. ಬೇಡವೆನ್ನುವ ಸಿಟ್ಟು ನನ್ನಲ್ಲಿತ್ತು. ಬೇಡವೆನ್ನಲಾಗಲಿಲ್ಲ. ರೈಲಿನಲ್ಲಿ ಎದುರುಬದುರು ಕೂತೆವು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಯಾವುದೋ ನಿಲ್ದಾಣದಲ್ಲಿ ಇಳಿದು ಹೋಗಿ ಚಹಾ ತಂದರು. ಕಪ್ಪನ್ನು ನನ್ನ ಎಡಗೈಗೆ ಕೊಟ್ಟರು. ಹಾಗೆ ಕೊಟ್ಟದ್ದು ಅದೇ ಮೊದಲು. ಅಲ್ಲಿಯವರೆಗೆ ಪ್ರತಿ ಸಲವೂ ಬಲಗೈಯತ್ತ ಚಾಚುತ್ತಿದ್ದರು.

ಮುಂಬಯಿಯ ಡಾಕ್ಟರು ವಯಸ್ಸಾದವರು. ಸೂಜಿ, ಸಣ್ಣ ಸುತ್ತಿಗೆ, ವಿದ್ಯುತ್ತಿನ ಪೆಟ್ಟಿಗೆ ಎಲ್ಲದರಿಂದಲೂ ತೋಳನ್ನು ಕೇಳಿ ನೋಡಿದರು. ತೋಳು ಉತ್ತರಿಸಲಿಲ್ಲ. ಕೈ ಒರೆಸಿಕೊಂಡು, ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿಕೊಂಡು, ಮಾತು ಶುರುಮಾಡಲು ಗಂಟಲು ಸರಿಪಡಿಸಿದರು.

ಅಪ್ಪ ಎದ್ದು ನಿಂತರು.

"ಮಾತು ಅಕಿ ಕೂಡ ಆಡ್ರಿ, ಸಾಹೇಬ್ರ," ಎಂದರು. "ತೋಳು ಅಕಿದು."

ಅವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಡಾಕ್ಟರು ಒಂದು ಕ್ಷಣ ಆ ಬಾಗಿಲನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಿಧಾನವಾಗಿ, ಒಂದನ್ನೂ ಮರೆಸದೆ ಹೇಳಿದರು. ನರ ಇನ್ನು ಬದುಕುವುದಿಲ್ಲ. ಖಂಡ ಒಣಗಿದೆ; ತೆರೆದು ನೋಡುವ ಕಾಲ ಮೀರಿದೆ. ಸುತ್ತಲಿನ ಬೇರೆ ಖಂಡಗಳಿಗೆ ಅಭ್ಯಾಸ ಮಾಡಿಸಿದರೆ ಕೈ ಎದೆಯ ಎತ್ತರಕ್ಕೆ ಬಂದೀತು, ಅದಕ್ಕಿಂತ ಮೇಲಕ್ಕೆ ಇಲ್ಲ. ಆ ಅಂಗೈಯಗಲದ ಜಾಗ ಹಾಗೆಯೇ ಉಳಿಯುತ್ತದೆ. ಚಳಿಗಾಲದ ನೋವಿನೊಡನೆ ಬದುಕುವುದನ್ನು ಕಲಿಯಬೇಕು. ಬಿದ್ದಾಗ ಆದದ್ದೋ ಕೊಯ್ದಾಗ ಆದದ್ದೋ ಎಂದು ನಾನು ಕೇಳಿದೆ. ಆರು ತಿಂಗಳೊಳಗೆ ತೆರೆದಿದ್ದರೆ ಕಣ್ಣಾರೆ ಕಂಡು ಹೇಳಬಹುದಿತ್ತು, ಈಗ ಯಾರೂ ಹೇಳಲಾರರು ಎಂದರು. ಯಾರನ್ನು ಪ್ರಶ್ನಿಸಬೇಕೆಂಬ ಪ್ರಶ್ನೆಯೂ ಕಾಲದೊಡನೆಯೇ ಸತ್ತಿತ್ತು.

ಅವರಿಗೆ ನಮಸ್ಕಾರ ಹೇಳಿದೆ. ಮುಗಿಯಲು ಎರಡೂ ಕೈ ಎದೆಯ ಎತ್ತರಕ್ಕೆ ಬಂದು ಸೇರುತ್ತಿರಲಿಲ್ಲ.

ಹೊರಗೆ ಬಂದೆ. ಅಪ್ಪ ಉದ್ದನೆಯ ಬೆಂಚಿನ ತುದಿಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಅಷ್ಟು ಸಣ್ಣವರಾಗಿ ನಾನು ಅವರನ್ನು ನೋಡಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆಯೆತ್ತಿದರು. ಆ ಕಣ್ಣಿನಲ್ಲಿ ಇನ್ನೂ ಆಸೆಯಿತ್ತು. ಈಗ ಸುದ್ದಿ ಇದ್ದದ್ದು ನನ್ನೊಬ್ಬಳ ಬಳಿ. ಕೊಡುವುದೂ ಬಿಡುವುದೂ ನನ್ನ ಇಚ್ಛೆ. ಒಂದು ಮೃದುವಾದ ಸುಳ್ಳು ತಾನಾಗಿ ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ಅದು ಎಷ್ಟು ಹಗುರವಾಗಿತ್ತು, ಎಷ್ಟು ಕರುಣೆಯ ರೂಪದಲ್ಲಿತ್ತು ಎಂದು ಹೇಳಲಾರೆ.

ಅವರ ಪಕ್ಕದಲ್ಲಿ ಕೂತೆ.

"ಬರೂದಿಲ್ಲಂತ, ಅಪ್ಪಾ," ಎಂದೆ.

ಡಾಕ್ಟರು ಇನ್ನೇನು ಹೇಳಿದರೆಂದು ಅವರು ಕೇಳಲಿಲ್ಲ. ಆದರೂ ನಾನು ಹೇಳಿದೆ. ನರದ ಮಾತು, ಕಾಲ ಮೀರಿದ ಮಾತು, ಆರು ತಿಂಗಳ ಮಾತು, ಯಾವುದನ್ನೂ ಬಿಡಲಿಲ್ಲ. ಅವರು ಅಳತೊಡಗಿದರು. ಬೆಂಚಿನ ಮೇಲೆ ಸರದಿ ಕಾಯುತ್ತ ಕೂತಿದ್ದವರು ತಿರುಗಿ ನೋಡಿದರು. ನಾನು ಎಡಗೈಯಿಂದ ಅವರ ಕೈ ಹಿಡಿದುಕೊಂಡು ಕೊನೆಯವರೆಗೂ ಹೇಳಿದೆ.